ಬ್ಯಾರನ್ ಸಾಹೇಬರ ಸೇವಾವಧಿ ಕುರಿತ ಯಶಸ್ವಿ ಉಪನ್ಯಾಸ

ಹತ್ತೊಂಬತ್ತನೇ ಶತಮಾನದ ಜರ್ಮನ್ ರಾಯಭಾರಿ ಬ್ಯಾರನ್ ಫಾನ್ ಕ್ರಾಟ್‌ವಿಂಕೆಲ್ ಅವರು ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಒಂದೇ ಒಂದು ಒಪ್ಪಂದಕ್ಕೂ ಸಹಿ ಹಾಕದೆ, ಹನ್ನೊಂದು ಪದಕಗಳೊಂದಿಗೆ ನಿವೃತ್ತರಾದರು. ಈ ಮಹನೀಯರ ಕುರಿತ ಉಪನ್ಯಾಸವು ಕಳೆದ ಭಾನುವಾರ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನಲ್ಲಿ ನಮ್ಮ ಕನ್ನಡ ಸಂಘದ ವತಿಯಿಂದ ಯಶಸ್ವಿಯಾಗಿ ಜರುಗಿತು.

ಉಪನ್ಯಾಸಕಿ ಶ್ರಾವಣಿ, ಆಸ್ಟಿನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ನಾಲ್ಕು ವರ್ಷದಿಂದ ಬ್ಯಾರನ್ನರ ಕಾಗದಪತ್ರಗಳಲ್ಲೇ ಮುಳುಗಿದ್ದಾಳೆ. ಮಗಳು ಏನು ಓದುತ್ತಾಳೆಂದು ತಾಯಿ ದಾಕ್ಷಾಯಣಿಯವರಿಗೆ ಇನ್ನೂ ಅರ್ಥವಾಗಿಲ್ಲ. ಅದಕ್ಕೆಂದೇ ಅವಳು ಅಮ್ಮನನ್ನು ಮೈಸೂರಿನಿಂದ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು.

ಬಾಡಿಗೆ ಹಾಲ್ ಒಂದು ಗಂಟೆಗೆ ಮಾತ್ರ ನಮ್ಮದು. ಅಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಉದ್ಘಾಟನೆಗೆ ಬ್ಯಾಟರಿ ದೀಪ ತರಲಾಗಿತ್ತು. ಅದಕ್ಕೆ ಒಂದೇ ಸ್ವಿಚ್. ಅದನ್ನು ಒತ್ತಬೇಕಾದ ಅಧ್ಯಕ್ಷರು ಮಾತ್ರ ಮೂವರು: ಡಾಲಸ್ ಹಳೆಯ ಸಂಘ, ಹೂಸ್ಟನ್ ದೊಡ್ಡ ಸಂಘ, ಆಸ್ಟಿನ್ ಆತಿಥೇಯ ಸಂಘ.

"ಸ್ವಿಚ್ ಒತ್ತೂದಕ್ಕ ನಾನೇನ್ ಆಸೆ ಬಿದ್ದಿಲ್ರಿ," ಎಂದರು ಹೂಸ್ಟನ್ನಿನ ಅಪ್ಪಾಸಾಹೇಬರು. "ಆದ್ರ ಹೂಸ್ಟನ್ನಿಗೂ ಒಂದ್ ಮರ್ಯಾದಿ ಅಂತ ಐತಿ."

ಮೂವತ್ತೈದು ನಿಮಿಷಗಳ ಸೌಹಾರ್ದ ಮಾತುಕತೆಯ ಬಳಿಕ, ಮೂವರೂ ಒಂದೇ ಸ್ವಿಚ್ಚಿನ ಮೇಲೆ ಒಟ್ಟಿಗೆ ಬೆರಳಿಡುವುದೆಂದು ತೀರ್ಮಾನವಾಯಿತು. ದೀಪ ಉರಿಯಿತು. ನಂತರ ಅಧ್ಯಕ್ಷರು ಪರಸ್ಪರ ಶಾಲು ಹೊದಿಸಿಕೊಂಡರು. ಒಟ್ಟು ಆರು ಶಾಲು.

ಶ್ರಾವಣಿ ಮೈಕಿನ ಮುಂದೆ ನಿಂತು "ಬ್ಯಾರನ್ ಅವರು..." ಎನ್ನುವಷ್ಟರಲ್ಲಿ ಕಾರ್ಯದರ್ಶಿ ಸುಮುಖ ಓಡಿ ಬಂದರು.

"ಸಾರಿ ಶ್ರಾವಣಿ, ಎರಡೇ ನಿಮಿಷ ಇರೋದು. ಸನ್ಮಾನ ಮೊದಲು ಮುಗಿಸಿಬಿಡೋಣ. ಮಾತು ಯಾವಾಗ ಬೇಕಾದ್ರೂ ಆಡಬಹುದು."

ಶಾಲು, ಹಾರ, ಫಲಕ. ಫಲಕದಲ್ಲಿ 'ವಿದ್ವತ್ಪೂರ್ಣ ಉಪನ್ಯಾಸ ನೀಡಿದ್ದಕ್ಕಾಗಿ' ಎಂದು ಮೊದಲೇ ಅಚ್ಚಾಗಿತ್ತು. ಅಚ್ಚಾದದ್ದನ್ನು ಸುಳ್ಳು ಎನ್ನಲಾಗದು. ಅವಳ ಕಣ್ಣು ತುಂಬಿತು. ಸಂಘ ಅದನ್ನು ಕೃತಜ್ಞತೆಯೆಂದು ದಾಖಲಿಸಿಕೊಂಡಿದೆ. ವಂದನಾರ್ಪಣೆ ಮುಗಿಯುವ ಹೊತ್ತಿಗೆ ಯಾರದೋ ಬರ್ತ್‌ಡೇ ಪಾರ್ಟಿಯವರು ಬಲೂನು ಹಿಡಿದು ಒಳಬಂದಿದ್ದರು.

ಪಾರ್ಕಿಂಗ್ ಲಾಟಿನಲ್ಲಿ ಬಿಸಿಬೇಳೆಬಾತ್ ತಿನ್ನುತ್ತ ಅಪ್ಪಾಸಾಹೇಬರು, "ಭಾಳ ಛಲೋ ಮಾತಾಡಿದಿ ನೋಡವಾ," ಎಂದರು. ಉಳಿದವರೂ ಹೌದೆಂದರು.

ದಾಕ್ಷಾಯಣಿಯವರು ಮೆಲ್ಲಗೆ ಕೇಳಿದರು: "ಅಲ್ಲ ಕಣೇ, ಆ ಬ್ಯಾರನ್ನು ಮೂವತ್ತೊಂದು ವರ್ಷ ಏನು ಮಾಡ್ತಿದ್ದ?"

ಶ್ರಾವಣಿ ಹೆಗಲ ಮೇಲಿನ ಶಾಲನ್ನೂ ಕೈಯಲ್ಲಿದ್ದ ಫಲಕವನ್ನೂ ನೋಡಿದಳು.

"ಇದನ್ನೇ ಅಮ್ಮ."

"ಓಹೋ!" ಎಂದರು ತಾಯಿ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮುಖ ಅರಳಿತು. "ಈಗ ಅರ್ಥ ಆಯ್ತು ನೋಡು. ಚೆನ್ನಾಗೇ ಹೇಳಿಕೊಟ್ಟೆ."