ದೊಡ್ಡ ಸರ್‌ಗೆ ತೆಗೆದ ಅಳತೆ

ಅಳತೆಯ ವಿಷಯದಲ್ಲಿ ನನ್ನ ಕೈ ತಪ್ಪಿದ್ದಿಲ್ಲ. ನಮ್ಮೂರು ನರಿಕೊಂಬಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಐದನೆಯ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಅಂದಿನಿಂದ ಮಾಡಿದ ಬಾಗಿಲು, ಕಿಟಕಿ, ಮಂಚಗಳಲ್ಲಿ ಒಂದೂ ವಾಪಸು ಬಂದಿಲ್ಲ. ಆದ್ದರಿಂದ ಮೂಡಬಿದ್ರೆ ಕಡೆಯ ಒಂದು ಖಾಸಗಿ ಶಾಲೆಯವರು ಕುರ್ಚಿ ಮಾಡಲು ಹೇಳಿಕಳಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಹೇಳಿದರಲ್ಲ ಎಂದಷ್ಟೇ ಅನಿಸಿತು.

"ಶಾಲೆಗೆ ಕುರ್ಚಿಯಾ?" ಎಂದಳು ಹೆಂಡತಿ ಗುಲಾಬಿ, ಬೀಡಿ ಕಟ್ಟುತ್ತಲೇ. "ನನ್ನ ಕುರ್ಚಿ ಎಲ್ಲಿ ಉಂಟು? ನೆಲದಲ್ಲಿ ಕೂತು ಕೂತು ಸೊಂಟ ಹೋಯ್ತು. ಅಟ್ಟದ ಮೇಲಿನ ಹಲಸಿನ ಹಲಗೆ ನನ್ನದು ಅಂತ ಹೇಳಿದ್ದೀರಿ, ನೆನಪುಂಟಲ್ಲ?"

"ಉಂಟು ಮಾರಾಯ್ತಿ. ಮುಂದಿನ ತಿಂಗಳು ಮಾಡ್ತೇನೆ."

ಈ ಮುಂದಿನ ತಿಂಗಳಿಗೆ ಆಗ ಆರು ವರ್ಷ ತುಂಬಿತ್ತು.

ಶಾಲೆಯ ಆಫೀಸಿನಲ್ಲಿ ಗುಮಾಸ್ತರು ನನ್ನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. "ಆಚಾರ್ರೆ, ದೊಡ್ಡ ಸರ್‌ಗೆ ಒಂದು ಕುರ್ಚಿ ಆಗಬೇಕು. ಕೈ ಇಡ್ಲಿಕ್ಕೆ, ಒರಗ್ಲಿಕ್ಕೆ ಎಲ್ಲ ಸರಿ ಇರಬೇಕು. ಅವರದ್ದೇ ಅಳತೆ ತೆಗೆದು ಮಾಡಿ." ಅಷ್ಟರಲ್ಲಿ ಫೋನ್ ಬಂತು. ಅವರು ಆ ಕಡೆ ತಿರುಗಿದರು.

ದೊಡ್ಡ ಸರ್ ಯಾರು ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ನಾನು ಕಲಿತ ಶಾಲೆಯಲ್ಲಿ ಇದ್ದದ್ದು ಒಬ್ಬರೇ ಮಾಸ್ಟ್ರು. ಪಾಠ ಹೇಳುವವರು, ಗಂಟೆ ಹೊಡೆಯುವವರು, ಉಪ್ಪಿಟ್ಟು ತಿರುವುವವರು ಎಲ್ಲ ಅವರೇ. ಶಾಲೆಯಲ್ಲಿ ಮಾಸ್ಟ್ರಿಗಿಂತ ದೊಡ್ಡವರು ಇರುತ್ತಾರೆಂದು ಐದನೆಯ ತರಗತಿಯವರೆಗೆ ಯಾರೂ ಕಲಿಸಿರಲಿಲ್ಲ. ಅದು ಬಹುಶಃ ಆರನೆಯ ತರಗತಿಯ ಪಾಠ.

ಜಗಲಿಯಲ್ಲಿ ಗಿಡ್ಡ, ಸಪೂರದ ಒಬ್ಬರು ತೊಟ್ಟಿಕ್ಕುತ್ತಿದ್ದ ನಳ್ಳಿಯನ್ನು ಬಿಗಿ ಮಾಡುತ್ತಿದ್ದರು.

"ಅಣ್ಣ, ಮಾಸ್ಟ್ರುಗಳ ಕೋಣೆ ಎಲ್ಲಿ? ಹಾಗೆಯೇ ಈ ಚೀಲ ಸ್ವಲ್ಪ ಹಿಡಿಯಿರಿ."

ಅವರು ನನ್ನ ಉಳಿ ಸುತ್ತಿಗೆಗಳ ಚೀಲ ಹಿಡಿದು ಬಾಗಿಲವರೆಗೆ ಬಂದರು. "ಮೆಟ್ಟಿಲು ಉಂಟು, ಜಾಗ್ರತೆ" ಎಂದೂ ಹೇಳಿದರು. ಇಂಥ ವಿನಯವಂತ ಜವಾನನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೋಣೆಯಲ್ಲಿ ಒಂಬತ್ತು ಮಂದಿ ಶಿಕ್ಷಕರು, ಒರಗಲು ಹಲಗೆಯಿಲ್ಲದ ಎರಡು ಬೆಂಚು, ಒಂದು ಫ್ಯಾನು. ನಡುವೆ ಕನ್ನಡ ಕಲಿಸುವ ಜನಾರ್ದನ ಮಾಸ್ಟ್ರು. ಎದ್ದು ನಿಂತರೆ ಬಾಗಿಲಿಗೆ ಇನ್ನೊಂದು ಬಾಗಿಲು ಹಾಕಿದ ಹಾಗೆ! ದೊಡ್ಡ ಸರ್ ಸಿಕ್ಕಿದರು ಎಂದು ಟೇಪು ತೆಗೆದೆ.

"ಎಂತ ಇದು ಆಚಾರ್ರೆ?"

"ನಿಮ್ಮ ಕುರ್ಚಿಗೆ ಅಳತೆ. ಆಫೀಸಿನಿಂದ ಹೇಳಿದ್ದಾರೆ."

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಹದಿನೆಂಟು ವರ್ಷಕ್ಕೆ ಒಂದು ಕುರ್ಚಿ" ಎಂದು ತಮಗೆ ತಾವೇ ಹೇಳಿಕೊಂಡರು.

ಅಳತೆ ತೆಗೆಯುವಾಗ ಮಾತು ಬಂತು. ಶಾಲೆಯ ಆಡಳಿತಾಧಿಕಾರಿಗೆ ಮನೆ, ಜೀಪು, ಮೇಜಿನ ಮೇಲೆ ಫೋನು, ತಲೆಯ ಮೇಲೆ ಸ್ವಂತ ಫ್ಯಾನು, ಟ್ರೇಯಲ್ಲಿ ಚಹಾ. ಈ ಮಾಸ್ಟ್ರುಗಳ ಚಹಾ ಇವರದ್ದೇ ಖರ್ಚಿನದ್ದು. "ಅವರಿಗೂ ತಲೆಬಿಸಿ ಉಂಟು ಆಚಾರ್ರೆ. ಕಟ್ಟಡ, ಇಲಾಖೆ, ಫೀಸು ಎಲ್ಲ ಅವರೇ ನೋಡಬೇಕಲ್ಲ" ಎಂದರು ಮಾಸ್ಟ್ರು. ಕೇಳಿದೆನೆಂದು ತಮ್ಮ ಸಂಬಳವನ್ನೂ ಹೇಳಿದರು. ನನ್ನ ದಿನದ ಮಜೂರಿಯನ್ನು ಮನಸ್ಸಿನಲ್ಲೇ ಗುಣಿಸಿ ನೋಡಿದೆ. ನಾನೇ ಮೇಲೆ! ಎದೆ ಉಬ್ಬಿತು.

ಆಗ ಗಂಟೆ ಹೊಡೆಯಿತು. ಮಾಸ್ಟ್ರು ಒಂದು ಹೊರೆ ನೋಟ್‌ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದರು. ಅಷ್ಟು ಹೊತ್ತು ಸಂತೆಯಂತಿದ್ದ ಮಕ್ಕಳು ಅವರ ಒಂದು ಮಾತಿಗೆ ಸುಮ್ಮನಾದರು. ಪಾಠ ಕೇಳುತ್ತಾ ನಾನೂ ಕಿಟಕಿಯ ಹೊರಗೆ ನಿಂತುಬಿಟ್ಟೆ. ಉಬ್ಬಿದ ಎದೆ ತಾನಾಗಿ ಇಳಿಯಿತು. ಈ ಮನುಷ್ಯನಿಗೆ ಹಲಸಿನ ಮರದ ಕುರ್ಚಿಯೇ ಆಗಬೇಕು ಎಂದು ನಿಶ್ಚಯಿಸಿದೆ.

ಗುಲಾಬಿಯ ಹಲಗೆ ಅಟ್ಟದಿಂದ ಇಳಿಯಿತು. ಅವಳು ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋಗಿದ್ದಾಗ ಇಳಿಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಹದಿನೈದು ದಿನ ಬಿಟ್ಟು ಟೆಂಪೋದಲ್ಲಿ ಕುರ್ಚಿ ಶಾಲೆಗೆ ಹೋಯಿತು. ಗುಮಾಸ್ತರು ಅದನ್ನು ಆಡಳಿತಾಧಿಕಾರಿಯ ಕೋಣೆಯಲ್ಲಿ ಇಡಿಸಿದರು. ನನಗೆ ಸ್ವಲ್ಪ ಗಲಿಬಿಲಿಯಾಯಿತು. ದೊಡ್ಡ ಮೇಜಿನ ಹಿಂದಿನಿಂದ ಎದ್ದು ಬಂದವರನ್ನು ಕಂಡಾಗ ಗಲಿಬಿಲಿ ಹೋಗಿ ಬೆವರು ಬಂತು. ನಳ್ಳಿ ಬಿಗಿ ಮಾಡಿದವರು! ನನ್ನ ಚೀಲ ಹೊತ್ತವರು!

ಅವರು ಕುರ್ಚಿಯಲ್ಲಿ ಕೂತರು. ಕಾಲು ನೆಲ ಮುಟ್ಟಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿತ್ತು.

ಸರಿಯಾಗಿ ಆ ಹೊತ್ತಿಗೆ ಜನಾರ್ದನ ಮಾಸ್ಟ್ರು ಉಳಿದ ಎಂಟು ಮಂದಿಯನ್ನೂ ಕರೆದುಕೊಂಡು ಒಳಗೆ ಬಂದರು. "ಸರ್, ನಮಗೆ ಕುರ್ಚಿ ಬೇಕು ಅಂತ ನಿಮಗೆ ಅನಿಸಿತಲ್ಲ, ತುಂಬಾ ಉಪಕಾರ..." ಎಂದವರು ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡಿ ನಿಲ್ಲಿಸಿದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಏನಾದರೂ ಹೇಳಬೇಕಿತ್ತು. ಹೇಳಿದೆ.

"ತಪ್ಪಾಯ್ತು ಸರ್. ನಿಮ್ಮನ್ನು ನೋಡಿದರೆ ದೊಡ್ಡವರು ಅಂತ ಅನಿಸುವುದೇ ಇಲ್ಲ."

ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಸರ್ ಮಾತ್ರ ನಗುತ್ತಾ ಕೆಳಗೆ ಹಾರಿದರು. "ಹತ್ತಲಿಕ್ಕೆ ಇಳಿಯಲಿಕ್ಕೆ ಒಂದು ಏಣಿಯನ್ನೂ ಮಾಡಬಹುದಿತ್ತು ಆಚಾರ್ರೆ. ಜನಾರ್ದನರೇ, ನೀವೊಮ್ಮೆ ಕೂತು ನೋಡಿ."

ಮಾಸ್ಟ್ರು ಹಿಂಜರಿಯುತ್ತಾ ಕೂತರು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಳತೆ ತಪ್ಪಲಿಲ್ಲ, ಆಳು ತಪ್ಪಿದ್ದು" ಎಂದರು ಸರ್. "ಇದು ನಿಮಗೇ ಇರಲಿ ಮಾಸ್ಟ್ರೆ. ನನಗೆ ಹಳೆಯದು ಸಾಕು."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಊರಿಗೆ ಬರಬಹುದಿತ್ತು. ಆದರೆ ಅವರ ದೊಡ್ಡ ಮನಸ್ಸಿನ ಎದುರು ನನ್ನದು ಸಣ್ಣದಾಗಬಾರದಲ್ಲ! "ಉಳಿದ ಎಂಟು ಕುರ್ಚಿಗೆ ಮರ ಶಾಲೆಯದ್ದಾದರೆ ಮಜೂರಿ ನನಗೆ ಬೇಡ" ಎಂದುಬಿಟ್ಟೆ. ಬೇಡ ಬೇಡ ಎನ್ನುತ್ತಾರೆಂದು ಕಾದೆ.

"ಬರೆದುಕೊಳ್ಳಿ" ಎಂದರು ಸರ್, ಗುಮಾಸ್ತರಿಗೆ.

ಇಂಥವರಿಗೆ ಸಂಬಳ ಯಾಕೆ ಹೆಚ್ಚೆಂದು ಆಗ ಅರ್ಥವಾಯಿತು.

ಮರ ಅಳೆಯಲು ಮರುವಾರ ಹೋದಾಗ ಶಿಕ್ಷಕರ ಕೋಣೆಯ ಗೋಡೆಯಲ್ಲಿ ಹೊಸದೊಂದು ವೇಳಾಪಟ್ಟಿ ಇತ್ತು. ಯಾವ ಪಿರಿಯಡಿನಲ್ಲಿ ಕುರ್ಚಿ ಯಾರಿಗೆ ಎಂದು ಒಂಬತ್ತು ಹೆಸರು. ಜನಾರ್ದನ ಮಾಸ್ಟ್ರು ತಮ್ಮ ಹೆಸರನ್ನು ಕೊನೆಯಲ್ಲಿ ಬರೆದಿದ್ದರು.

ಮನೆಯಲ್ಲಿ ಗುಲಾಬಿ ಎಲ್ಲವನ್ನೂ ಕೇಳಿದಳು.

"ಎಂಟು ಕುರ್ಚಿ. ಮಜೂರಿ ಇಲ್ಲ" ಎಂದಳು.

"ಇಲ್ಲ."

"ನನ್ನ ಹಲಗೆ?"

"ಪಟ್ಟಿ ಪ್ರಕಾರ ಈಗ ಲೆಕ್ಕದ ಟೀಚರ್ ಅದರ ಮೇಲೆ ಕೂತಿರಬೇಕು."

ಅವಳು ಮಡಿಲಲ್ಲಿದ್ದ ಬೀಡಿ ಎಲೆಯ ತಡ್ಪೆ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. "ಶಾಲೆಯ ಸಂಗತಿ ಇರಲಿ. ಈ ಮನೆಯಲ್ಲಿ ದೊಡ್ಡವರು ಯಾರು ಅಂತ ಆದರೂ ಗೊತ್ತುಂಟಾ ನಿಮಗೆ?"

ಯಾರನ್ನೂ ಕೇಳುವ ಅಗತ್ಯ ಈ ಸಲವೂ ಕಾಣಲಿಲ್ಲ. ಟೇಪು ತೆಗೆದು ಅವಳ ಅಳತೆ ತೆಗೆದೆ. ಬೇರೆ ಹಲಗೆಯಲ್ಲಿ, ಆರು ವರ್ಷದ ಕುರ್ಚಿ ಎರಡೇ ದಿನದಲ್ಲಿ ಆಯಿತು.

ಅವಳೀಗ ಅದರಲ್ಲಿ ಒರಗಿ ಬೀಡಿ ಕಟ್ಟುತ್ತಿದ್ದಾಳೆ. ನಾನು ಪಕ್ಕದ ನೆಲದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸೊಂಟ ನೋಯುತ್ತಿದೆ.