ಮುಚ್ಚಳ ತೆಗೀಬ್ಯಾಡ್ರಿ

ಪರೇಲಿನ ಲ್ಯಾಬಿನ ಎ.ಸಿ. ಶನಿವಾರ ಸಂಜೆ ಕೈಕೊಟ್ಟಿದ್ದೇ ಎಲ್ಲಕ್ಕೂ ಮೂಲ. ಅಲ್ಲಿ ಗಾಜಿನ ಬಾಟಲಿಗಳ ಜೆಲ್ಲಿಯಲ್ಲಿ, ರೋಗವಿಲ್ಲದ ಒಂದೇ ಆಲೂಗಡ್ಡೆ ಗಿಡದ ತುಣುಕುಗಳಿಂದ ಬೆರಳುದ್ದದ ಸಸಿಗಳು ಬೆಳೆಯುತ್ತಿದ್ದವು. ಅವನ್ನು ಕತ್ತರಿಸಿ ಕತ್ತರಿಸಿ ಸಾವಿರ ಮಾಡಿದರೆ, ಮುಂದೆ ಅವುಗಳಿಂದಲೇ ಬಿತ್ತನೆ ಆಲೂಗಡ್ಡೆ.

ಮಾಲೀಕ ಅನಿಲಕುಮಾರ ಪ್ಲಾಸ್ಟಿಕ್ ಡಬ್ಬಿಯ ವ್ಯಾಪಾರ ಬಿಟ್ಟು ಈ ಧಂದೆಗೆ ಹೊಸದಾಗಿ ಇಳಿದವರು. ಹನ್ನೆರಡು ಬಾಟಲಿಗಳನ್ನು ಸಹಾಯಕ ಪೀರಸಾಬನ ಕೈಗಿತ್ತರು.

"ಮನಿಗೆ ಒಯ್ದು ತಂಪಿನ್ಯಾಗ ಇಡ್ರಿ. ಮುಚ್ಚಳ ತೆಗೀಬ್ಯಾಡ್ರಿ, ಗಾಳಿ ಹೊಕ್ಕರ ಬೂಷ್ಟು ಹಿಡಿತೈತಿ. ಸೋಮವಾರ ಹನ್ನೆರಡೂ ನೆಟ್ಟಗ ಬಂದ್ರ ನೀವು ಪರ್ಮನೆಂಟ್."

ನಾಲ್ಕು ವರ್ಷದಿಂದ ಆ ಮಾತಿಗೇ ಕಾದಿದ್ದ ಪೀರಸಾಬ ಬಾಟಲಿಗಳನ್ನು ಕೂಸಿನಂತೆ ಎದೆಗವಚಿಕೊಂಡು ಬೊರಿವಲಿ ಲೋಕಲ್ ರೈಲು ಹತ್ತಿದ.

ಅವನ ಮನೆಯಲ್ಲಿ ಎ.ಸಿ. ಇರಲಿಲ್ಲ, ಎದುರು ಮನೆಯ ಶೈಲಾ ಅವರಲ್ಲಿ ಇತ್ತು. ರಾತ್ರಿಯೇ ಬಾಟಲಿಗಳನ್ನು ಅಲ್ಲಿಟ್ಟು, ಭಾನುವಾರ ಬೆಳಿಗ್ಗೆಯೇ ಅವರ ಕೋಣೆಯಲ್ಲಿ ಸ್ವೆಟರ್ ತೊಟ್ಟು ಕಾವಲು ಕೂತ. ಬಿಲ್ಡಿಂಗಿಗೆ ಬಿಲ್ಡಿಂಗೇ ನೋಡಲು ಬಂತು. ಒಬ್ಬರು ನೀರು ಹಾಕಲು ಬಂದರು, ಇನ್ನೊಬ್ಬರು ಬಿಸಿಲಿಗಿಡಿ ಎಂದರು.

"ಅಣ್ಣಾರ, ಸೋಸಿದ ಚಹಾಪುಡಿ ಒಂಚೂರು ಹಾಕಲೇನ್ರಿ? ನನ್ನ ಗುಲಾಬಿಗೆ ಅದನ್ನ ಹಾಕೂದು," ಎಂದರು ಶೈಲಾ.

"ಬ್ಯಾಡ್ರೀ ಅಕ್ಕಾರ, ಕೈ ಮುಗೀತೀನಿ!"

ಊಟ ತಂದ ಹೆಂಡತಿ ಅಜೀಜಾಬಿ ಬಾಟಲಿಗಳನ್ನೇ ನೋಡುತ್ತ ನಿಂತಳು. ಅಡಿಗೆಮನೆಯ ಕಿಟಕಿಯಲ್ಲಿ, ಎಣ್ಣೆ ಡಬ್ಬಿಯಲ್ಲಿ ಟೊಮ್ಯಾಟೊ ಸಸಿ ಬೆಳೆಸುವವಳು ಅವಳು.

"ಏನ್ರೀ, ಪಾಪ, ಹಿಂಗ ಬಾಯಿ ಮುಚ್ಚಿ ಇಟ್ಟೀರಿ. ಉಸಿರಾಡೂದು ಹ್ಯಾಂಗ?"

"ಅದರಾಗ ನಮ್ಮ ನೌಕರಿ ಐತಿ. ಮುಟ್ಟಬ್ಯಾಡ."

ಉಂಡ ಮೇಲೆ ಎ.ಸಿ.ಯ ತಂಪಿಗೆ ಅರ್ಧ ಗಂಟೆ ಜೊಂಪು ಹತ್ತಿತು. ಬೆಚ್ಚಿ ಎದ್ದು ಎಣಿಸಿದ. ಹನ್ನೆರಡೂ ಇದ್ದವು, ಮುಚ್ಚಳಗಳೂ ಬಿಗಿಯಾಗಿದ್ದವು.

ಸೋಮವಾರ ಅನಿಲಕುಮಾರ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದರು. ಕೊನೆಯದನ್ನು ಕಂಡು ಕಣ್ಣರಳಿಸಿದರು.

"ಪೀರಸಾಬ, ಹನ್ನೊಂದು ಸಾದಾ ಅದಾವ. ಇದು ನೋಡ್ರಿ, ಎಷ್ಟ ಜೋರ ಬೆಳದೈತಿ! ಇದೊಂದರಿಂದಾನ ಸಾವಿರ ಸಸಿ ಮಾಡ್ರಿ. ಇವತ್ತಿನಿಂದ ನೀವು ಪರ್ಮನೆಂಟ್!"

ಒಂದೇ ತಾಯಿಯ ಹನ್ನೆರಡು ಪಡಿಯಚ್ಚುಗಳಲ್ಲಿ ಒಂದಕ್ಕೆ ಬೇರೆ ಎಲೆ ಹೇಗೆ? ಪೀರಸಾಬ ಬಗ್ಗಿ ನೋಡಿದ. ಆ ಎಲೆಯನ್ನು ಅವನು ದಿನವೂ ತನ್ನ ಅಡಿಗೆಮನೆಯ ಕಿಟಕಿಯಲ್ಲಿ ನೋಡುತ್ತಿದ್ದ.

ಸಂಜೆ ಮನೆಗೆ ಬಂದಾಗ ಅವನ ಮುಖ ನೋಡಿಯೇ ಅಜೀಜಾಬಿ ಅಳತೊಡಗಿದಳು.

"ಒಂದ ಮಿನಿಟ ಗಾಳಿ ಕುಡೀಲಿ ಅಂತ ತೆಗದಿದ್ದೆ. ಕೈಜಾರಿ ಸಸಿ ಹೊರಗ ಬಿತ್ತು. ನಿಮ್ಮ ನೌಕರಿ ಹೋಗತೈತಿ ಅಂತ ಹೆದರಿ ನನ್ನ ಸಸಿ ಇಟ್ಟು ಮುಚ್ಚಿದೆ. ಆದ್ರ ನಿಮ್ಮದು ಬದುಕೈತಿ ನೋಡ್ರಿ."

ಎಣ್ಣೆ ಡಬ್ಬಿಯ ಮಣ್ಣಿನಲ್ಲಿ, ಮಗುಚಿಟ್ಟ ಗಾಜಿನ ಲೋಟದ ಕೆಳಗೆ, ಆಲೂಗಡ್ಡೆ ಸಸಿ ನೆಟ್ಟಗೆ ನಿಂತಿತ್ತು. ಬೈಯಬೇಕೆಂದೇ ಬಂದಿದ್ದ ಪೀರಸಾಬನಿಗೆ ಅವಳ ಒದ್ದೆ ಕಣ್ಣು ಕಂಡು ಸಿಟ್ಟೆಲ್ಲ ಇಳಿದುಹೋಯಿತು. ಪಕ್ಕದಲ್ಲಿ ಕೂತು, ಅವಳ ಸೆರಗಿನಿಂದಲೇ ಕಣ್ಣೊರೆಸಿ, ಮೆಲ್ಲಗೆ ಕೇಳಿದ:

"ಅಜೀಜಾ, ಡಬ್ಬಿಯೊಳಗ ಟೊಮ್ಯಾಟೊ ಸಸಿ ಇನ್ನೂ ಎಷ್ಟ ಅದಾವ? ನನಗ ಸಾವಿರ ಬೇಕಾಗ್ಯಾವ."