ಉಚ್ಚಂಗೆಪ್ಪನ ಕಾರಿಗೊಬ್ಬ ನಂಬಿಗಸ್ತ

ಶನಿವಾರದ ಟಪಾಲಿನಲ್ಲಿ ಬಂದ ಹದಿನೈದು ಪೈಸೆಯ ಕಾರ್ಡೊಂದು, ನ್ಯಾಮತಿಯಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದ ಉಚ್ಚಂಗೆಪ್ಪನ ಭಾನುವಾರವನ್ನು ಹಾಳುಮಾಡಿತು.

ಬರೆದವರು ಚನ್ನಗಿರಿಯ ಮಲ್ಲಿಕಾರ್ಜುನಪ್ಪ, ಮೂರು ಬಸ್ಸುಗಳ ಸಾಹುಕಾರರು. ಮೂರೇ ಸಾಲಿನ ಕಾರ್ಡು. ‘ತಮ್ಮ ಫಾರಿನ್ ಕಾರು ಮಾರಾಟಕ್ಕಿದೆಯೆಂದು ತಿಳಿದು ಸಂತೋಷವಾಯಿತು. ಭಾನುವಾರ ಸಾಯಂಕಾಲ ನಾಲ್ಕಕ್ಕೆ ಬರುತ್ತೇನೆ. ಕಾರು ಓಡುವ ಸ್ಥಿತಿಯಲ್ಲಿದ್ದರೆ ಅಲ್ಲೇ ವ್ಯಾಪಾರ ಮುಗಿಸೋಣ.’ ಮೊದಲೆರಡು ಸಾಲು ಓದುವಾಗ ಉಚ್ಚಂಗೆಪ್ಪನಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಮೂರನೆಯ ಸಾಲು ಓದಿದವನು ಅಲ್ಲೇ ಇದ್ದ ಗೊಬ್ಬರದ ಚೀಲದ ಮೇಲೆ ಕುಳಿತುಬಿಟ್ಟ.

ಏಕೆಂದರೆ ಓಡುವುದೊಂದನ್ನು ಬಿಟ್ಟರೆ ಆ ಕಾರು ಬೇರೆಲ್ಲ ಕೆಲಸಕ್ಕೂ ಬರುತ್ತಿತ್ತು. ಅದರ ನೆತ್ತಿಯ ಮೇಲೆ ಅವನ ಹೆಂಡತಿ ಶಂಕರಮ್ಮ ಸಂಡಿಗೆ ಒಣಗಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆಯಿಡುತ್ತಿತ್ತು. ಭದ್ರಾವತಿ ಕಡೆಗೆ ಬಂದಿದ್ದ ಯಾರೋ ಜರ್ಮನಿ ಇಂಜಿನಿಯರು ಊರಿಗೆ ಮರಳುವಾಗ ಬಿಟ್ಟುಹೋದ ಕಾರದು. ಶಿವಮೊಗ್ಗದ ಡಾಕ್ಟರೊಬ್ಬರ ಕೈದಾಟಿ, ತುರ್ತು ಪರಿಸ್ಥಿತಿ ಮುಗಿದ ವರ್ಷ ಉಚ್ಚಂಗೆಪ್ಪನ ಅಂಗಳಕ್ಕೆ ಬಂದು ನಿಂತಿತ್ತು. ‘ನಿಂತಿತ್ತು’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಎರಡು ವರ್ಷದಲ್ಲಿ ಅದು ಓಡಿದ್ದು ಲೆಕ್ಕ ಹಾಕಿದರೆ ಹನ್ನೊಂದು ದಿನ. ಅದರಲ್ಲಿ ನಾಲ್ಕು ದಿನ ಎತ್ತುಗಳು ಎಳೆದದ್ದು.

ರಿಪೇರಿ ಮಾಡಿಸಲಿಲ್ಲವೆಂದಲ್ಲ. ದಾವಣಗೆರೆಯವರು ‘ಫಾರಿನ್ ಗಾಡಿ’ ಎಂದು ಕೇಳಿದೊಡನೆ ಒಂದು ಸ್ಕ್ರೂಗೆ ಒಂದು ಮೂಟೆ ಯೂರಿಯಾದ ಬೆಲೆ ಹೇಳಿದರು. ಅಗ್ಗವೆಂದು ಹೊನ್ನಾಳಿಯ ಟ್ರಾಕ್ಟರ್ ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟರೆ, ಅವನು ಉಚ್ಚಂಗೆಪ್ಪನಿಗೆ ಗೇರ್‌ಬಾಕ್ಸ್ ಹೋಗಿದೆ ಎಂದ, ಉಚ್ಚಂಗೆಪ್ಪನ ಷಡ್ಡಕನಿಗೆ ಕಾರ್ಬೊರೇಟರ್ ಎಂದ, ಹೋಟೆಲಿನಲ್ಲಿ ಕೂತು ‘ಆ ಗಾಡಿಗೇನೂ ಆಗಿಲ್ಲ’ ಎಂದ. ಒಬ್ಬೊಬ್ಬರಿಗೆ ಒಂದೊಂದು ಹೇಳಿ ಎಲ್ಲದಕ್ಕೂ ದುಡ್ಡು ಇಸಿದುಕೊಂಡ.

ಭಾನುವಾರ ಬೆಳಿಗ್ಗೆ ಸಂಡಿಗೆಯ ಬಟ್ಟೆ ಹಾಸಲು ಬಂದ ಶಂಕರಮ್ಮನಿಗೆ ಉಚ್ಚಂಗೆಪ್ಪ ಅಡ್ಡ ನಿಂತ.

“ಇವತ್ತು ಬ್ಯಾಡ ಕಣೆ, ಸಾಹುಕಾರ್ರು ಕಾರು ನೋಡಾಕೆ ಬರ್ತಾರೆ.”

ಶಂಕರಮ್ಮ ಸಂಡಿಗೆ ಹಿಟ್ಟಿನ ಪಾತ್ರೆಯನ್ನು ಕೆಳಗಿಟ್ಟಳು. “ನೋಡ್ರಿ, ಎಲ್ಡು ವರ್ಷದಿಂದ ನೋಡ್ತಾ ಇದೀನಿ. ನನಗೆ ಒಂದು ಸೀರೆ ತರಾಕೆ ಕೈ ಬರಲ್ಲ, ಇದಕ್ಕೆ ಟೈರು ತರ್ತೀರಿ. ನನಗೆ ಜ್ವರ ಬಂದಾಗ ಅಂಗ್ಡಿಗೆ ಹೋಗಿದ್ರಿ, ಇದಕ್ಕೆ ಮಳೆ ಬಂದಾಗ ಓಡಿಬಂದು ತಾಡಪಾಲು ಹೊಚ್ಚಿದ್ರಿ. ಇವತ್ತು ಸಂಜಿ ಒಳಗೆ ಈ ಅಂಗಳ ಬಿಟ್ಟು ಕಾರು ಹೋಗ್ಬೇಕು, ಇಲ್ಲಾಂದ್ರೆ ನಾನು ಹೋಗ್ತೀನಿ. ಜಗಳೂರಾಗೆ ನನ್ನ ತವರುಮನೆ ಬಾಗ್ಲು ಇನ್ನೂ ತೆಗ್ದೇ ಐತೆ.”

ಉಚ್ಚಂಗೆಪ್ಪ ನಗಲು ನೋಡಿದ. ಆದರೆ ನಡುಮನೆಯಲ್ಲಿ ಅವಳ ಟ್ರಂಕು ಆಗಲೇ ತುಂಬಿ ನಿಂತಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಶಂಕರಮ್ಮ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಅವಳ ಬೈಗುಳ ಕೇಳದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಎದುರು ಮನೆಯ ಚಿಕ್ಕಹನುಮಂತಪ್ಪನಿಗೆ ಸುದ್ದಿ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಸ್ ಕಂಡಕ್ಟರಾಗಿ ರಿಟೈರಾದವನು. ಜಿಲ್ಲೆಯ ಪ್ರತಿ ಊರಿನಲ್ಲೂ ಅವನಿಗೆ ಒಬ್ಬ ಮೆಕ್ಯಾನಿಕ್ ಗೊತ್ತು, ಏಕೆಂದರೆ ಅವನ ಬಸ್ಸು ಪ್ರತಿ ಊರಿನಲ್ಲೂ ಕೆಟ್ಟಿತ್ತು.

“ತಲೆ ಕೆಡಿಸ್ಕಬ್ಯಾಡಪ್ಪ,” ಎಂದ. “ಸಾಸ್ವೆಹಳ್ಳಿ ಗೋಣೆಪ್ಪ ಹಿಟ್ಟಿನ ಗಿರಣಿ ಇಂಜಿನ್ ನೋಡಾಕೆ ಬಂದವ್ನೆ. ಕೈ ಚೊಲೋ ಐತೆ, ಕೂಲಿ ಕಡಿಮೆ.”

“ನಂಬಿಗಸ್ತನೇನಣ್ಣ?”

“ಅದು ಗೊತ್ತಿಲ್ಲ. ಫಾರಿನ್ ಸಾಮಾನು ಅಂದ್ರೆ ಎಂಥವ್ನ ಕೈಗಾದ್ರೂ ನವೆ ಹತ್ತತೈತೆ. ಬಿಚ್ಚಿದ್ದೊಂದು, ಹಾಕಿದ್ದೊಂದು ಮಾಡ್ತಾರೆ.”

ಬೇಲಿಯಾಚೆಯಿಂದ ಕೋಳಿಯ ಒಡತಿ ಕರಿಯಕ್ಕ ತಲೆಯೆತ್ತಿದಳು. ಹೊಲದ ಬದುವಿನ ಜಗಳವಿರಲಿ, ಕಳೆದ ಚೊಂಬಿನ ಜಗಳವಿರಲಿ, ಆ ಬೀದಿಯಲ್ಲಿ ಆಣೆ ಮಾಡಿಸುವ ಅಧಿಕಾರ ಆಕೆಯದು. “ಅದ್ಕೇನು ಚಿಂತೆ? ಕರ್ಪೂರದ ಮ್ಯಾಲೆ ಕೈಯಿಡಿಸ್ರಿ. ಅಂತರಘಟ್ಟಮ್ಮನ ಹೆಸರು ಹೇಳಿ ಆಣೆ ಮಾಡಿದವ್ನು ಎಲ್ಲಿಗೆ ಹೋಗ್ತಾನೆ?”

ಉಚ್ಚಂಗೆಪ್ಪನಿಗೆ ಈ ಮಾತು ಬಹಳ ಹಿಡಿಸಿತು.

ಗೋಣೆಪ್ಪ ಬಂದ. ಕಡ್ಡಿಯಂಥ ಆಳು, ಹೆಗಲ ಮೇಲೆ ನಟ್ಟು ಬಿಚ್ಚುವ ಪಾನಾ ತುಂಬಿದ ಕೈಚೀಲ. ಬಾನೆಟ್ಟಿಗೆ ಕೈ ಹಾಕುವ ಮೊದಲೇ ಕರಿಯಕ್ಕ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಎದುರು ಹಿಡಿದಳು. ಪಾಪ, ಅವನು ಆರತಿಯೆಂದು ತಿಳಿದು ಕಣ್ಣಿಗೊತ್ತಿಕೊಂಡ.

“ಹಂಗಲ್ಲ ತಮ್ಮ, ಆಣೆ ಮಾಡು,” ಎಂದಳು ಕರಿಯಕ್ಕ. “ಈ ಕಾರಿನ ಒಂದು ಸಾಮಾನೂ ಕದಿಯಲ್ಲ, ಇದರ ವಿಷಯದಾಗೆ ಸುಳ್ಳು ಹೇಳಲ್ಲ ಅನ್ನು.”

ಹೊನ್ನಾಳಿಯವನ ಮೂರು ಬಗೆಯ ಮಾತು ಉಚ್ಚಂಗೆಪ್ಪನ ಎದೆಯಲ್ಲಿ ಇನ್ನೂ ಉರಿಯುತ್ತಿತ್ತು. ಅವನು ಅವಸರದಿಂದ ಸೇರಿಸಿದ: “ಯಾರು ಕೇಳಿದ್ರೂ ಇದ್ದದ್ದು ಇದ್ದಂಗೆ ಹೇಳ್ತೀನಿ ಅನ್ನು. ಒಬ್ರಿಗೊಂದು ಒಬ್ರಿಗೊಂದು ಹೇಳಂಗಿಲ್ಲ.”

ಗೋಣೆಪ್ಪ ಉರಿಯ ಮೇಲೆ ಕೈಯಿಟ್ಟು ಅಕ್ಷರ ಬಿಡದೆ ಆಣೆ ಮಾಡಿದ. ಉಚ್ಚಂಗೆಪ್ಪನಿಗೆ ಎರಡು ವರ್ಷದಲ್ಲಿ ಮೊದಲ ಸಲ ನೆಮ್ಮದಿಯ ಉಸಿರು ಬಂತು.

ಆ ನೆಮ್ಮದಿ ಬಾನೆಟ್ಟು ತೆರೆಯುವವರೆಗೆ ಇತ್ತು.

“ಯಜಮಾನ್ರೆ, ಇದು ಯಾವ ದೇಶದ ಕಾರು ಅಂದ್ರಿ?”

“ಜರ್ಮನಿ.”

“ಡೈನಮೋ ಟ್ರಾಕ್ಟರಿಂದು. ಪೆಟ್ರೋಲ್ ಪಂಪು ಲಾರಿದು. ಈ ಬೆಲ್ಟು ನಮ್ಮೂರ ಹಿಟ್ಟಿನ ಗಿರಣಿದೇ, ನಾನೇ ಹೋದ ವರ್ಷ ಹಳೇದಾತು ಅಂತ ಬಿಸಾಕಿದ್ದೆ.” ಗೋಣೆಪ್ಪ ಇನ್ನಷ್ಟು ಬಗ್ಗಿ ನೋಡಿದ. “ಗೂಡು ಕಟ್ಟಿರೋ ಇಲಿ ಮಾತ್ರ ಈ ಊರಿನ್ದೇ.”

“ಜರ್ಮನಿದು ಏನೂ ಇಲ್ವೇನೋ?”

ಗೋಣೆಪ್ಪ ಕಾರನ್ನು ಒಂದು ಸುತ್ತು ಬಂದ. ಒಂದು ಗುಂಡಿ ಒತ್ತಿದ. ಬೀದಿಯ ನಾಯಿಗಳೆಲ್ಲ ಬೊಗಳಿದವು. “ಹಾರನ್ನು ಅಸ್ಲಿ ಐತೆ,” ಎಂದು ಸಮಾಧಾನ ಹೇಳಿದ.

ಅಳಬೇಕೋ ಹೊಡೆಯಬೇಕೋ ತಿಳಿಯದೆ ಉಚ್ಚಂಗೆಪ್ಪ ಕಾರಿನ ಮೆಟ್ಟಿಲ ಮೇಲೆ ಕುಳಿತ. ಆದರೆ ಗೋಣೆಪ್ಪನ ಕೈಯಲ್ಲಿ ನಿಜಕ್ಕೂ ಗುಣವಿತ್ತು. ಇಲಿಯ ಗೂಡು ಕಿತ್ತ, ವೈರು ಕಟ್ಟಿದ, ಪ್ಲಗ್ಗು ಉಜ್ಜಿದ. ಚಿಕ್ಕಹನುಮಂತಪ್ಪ ಪಕ್ಕದಲ್ಲಿ ನಿಂತು ‘ಹಾಂ, ಅಲ್ಲಿ, ಅಲ್ಲಲ್ಲ, ಇಲ್ಲಿ’ ಎನ್ನುತ್ತ ಅಡ್ಡಿ ಮಾಡಿದರೂ ಮಧ್ಯಾಹ್ನ ಮೂರರ ಹೊತ್ತಿಗೆ ಕಾರು ಒಮ್ಮೆ ಕೆಮ್ಮಿ, ಒಮ್ಮೆ ಸೀನಿ, ಗುಡುಗುಡು ಎಂದು ಓಡತೊಡಗಿತು. ಹಿಂದಿನ ಸೀಟಿನಿಂದ ಕೋಳಿ ಕಿಟಕಿ ಹಾರಿ ಓಡಿತು. ಶಂಕರಮ್ಮ ಕೂಡ ಬಾಗಿಲಿಗೆ ಬಂದು ನೋಡಿದಳು. ಅವಳ ಮುಖದಲ್ಲಿ ಸಣ್ಣ ನಗುವಿತ್ತು. ಆ ನಗು ಕಂಡು ಉಚ್ಚಂಗೆಪ್ಪನಿಗೆ ಕುಣಿಯಬೇಕೆನ್ನಿಸಿತು.

“ಗೆದ್ದೆ ಕಣೋ ಗೋಣೆಪ್ಪ!”

“ಇಂಜಿನ್ ಓಡ್ತೈತೆ ಯಜಮಾನ್ರೆ, ಕಾರು ಓಡಬಾರ್ದು. ಬ್ರೇಕಿಲ್ಲ. ಸ್ಟೇರಿಂಗು ಎಡಕ್ಕೆ ಮಾತ್ರ ತಿರುಗ್ತೈತೆ.”

“ಅದನ್ನ ಸಾಹುಕಾರ್ರಿಗೆ ಹೇಳಾಕೆ ಹೋಗಬ್ಯಾಡ.”

“ನಾನ್ಯಾಕೆ ಹೇಳ್ಲಿ? ಕೇಳಿದ್ರೆ ಹೇಳ್ತೀನಿ.”

“ಕೇಳಿದ್ರೂ ಹೇಳ್ಬ್ಯಾಡ!”

“ಅದೆಂಗೆ ಆಗ್ತೈತ್ರಿ? ಯಾರು ಕೇಳಿದ್ರೂ ಅಂತ ನೀವೇ ಆಣೆ ಮಾಡಿಸೀರಿ. ನನಗೆ ಎಲ್ಡು ಮಕ್ಳವೆ.”

ಉಚ್ಚಂಗೆಪ್ಪ ಬೇಲಿಯ ಹತ್ತಿರ ಓಡಿದ. “ಕರಿಯಕ್ಕ, ಆ ಆಣೆನ ಒಂದು ಗಂಟೆ ಮಟ್ಟಿಗೆ ವಾಪಸ್ ತಗಳಾಕೆ ಬರ್ತೈತಾ?”

“ತಾಯಿಗೆ ಕೊಟ್ಟ ಮಾತು ವಾಪಸ್ಸಾ? ಅದೇನು ನಿನ್ನ ಅಂಗಡಿ ಗೊಬ್ಬರದ ಚೀಲ ಅಂದ್ಕಂಡ್ಯಾ?” ಎಂದು ಕರಿಯಕ್ಕ ಕೆನ್ನೆ ಕೆನ್ನೆ ಬಡಿದುಕೊಂಡಳು.

ಉಳಿದದ್ದು ಒಂದೇ ದಾರಿ, ಗೋಣೆಪ್ಪನನ್ನು ಸಾಗಹಾಕುವುದು. ಊಟ ಹಾಕಿಸಿದ. ‘ಬಸ್ಸಿಗೆ ಹೊತ್ತಾತು’ ಎಂದ. ಊಟವನ್ನೇನೋ ಗೋಣೆಪ್ಪ ಮಾಡಿದ. ಆದರೆ ಸೈಲೆನ್ಸರು ಜೋತಾಡುತ್ತಿರುವಾಗ ಹೋಗುವುದು ತನ್ನ ಕಸುಬಿಗೆ ಒಪ್ಪುವುದಿಲ್ಲವೆಂದು ತಂತಿ ಹಿಡಿದು ಕಾರಿನ ಕೆಳಗೆ ತೂರಿಕೊಂಡ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಜೀಪು ಕಂಡಿತು.

“ಅಲ್ಲೇ ಇರು!” ಎಂದು ಉಚ್ಚಂಗೆಪ್ಪ ಕೆಳಗೆ ಬಗ್ಗಿ ಪಿಸುಗುಟ್ಟಿದ. “ಹೊರಗೆ ಬರಬ್ಯಾಡ. ಕೆಮ್ಮಬ್ಯಾಡ.”

ಮಲ್ಲಿಕಾರ್ಜುನಪ್ಪನವರು ಇಳಿದರು. ಬಿಳಿ ಪಂಚೆ, ದೊಡ್ಡ ದೇಹ, ಮೋಸ ಹೋಗಿ ಹೋಗಿ ಸಣ್ಣಗಾದ ಕಣ್ಣು. ಕಾರಿನ ಮೈ ಸವರಿದರು, ಇಂಜಿನ್ ಸದ್ದು ಕೇಳಿದರು, ತಲೆದೂಗಿದರು. ಉಚ್ಚಂಗೆಪ್ಪನ ಎದೆ ಹಿಗ್ಗಿತು.

“ಒಳಗಿನ ಸಾಮಾನೆಲ್ಲ ಅಸ್ಲಿನಾ?”

“ಎಲ್ಲಾ ಜರ್ಮನಿದೇ ಸಾಹುಕಾರ್ರೆ.”

“ಹಾರನ್ ಒಂದೇ ಜರ್ಮನಿದು,” ಎಂದಿತು ಕಾರಿನ ಕೆಳಗಿನ ದನಿ.

ಸಾಹುಕಾರರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. “ಯಾರ್ರೀ ಅದು?”

“ಅದು... ಅದು ಏನಿಲ್ಲ, ಸೈಲೆನ್ಸರ್ ಸದ್ದು,” ಎಂದ ಉಚ್ಚಂಗೆಪ್ಪ ಬೆವರುತ್ತ.

ಸಾಹುಕಾರರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಅವನನ್ನು ಬಿಟ್ಟು ಕಾರಿನ ಚಕ್ರದ ಕಡೆಗೇ ತಿರುಗಿ ಕೇಳಿದರು: “ಬ್ರೇಕ್ ಹೆಂಗೈತೆ?”

“ಗೋಡೆ ಸಿಕ್ಕಿದ್ರೆ ನಿಲ್ತೈತ್ರಿ.”

“ಸ್ಟೇರಿಂಗು?”

“ಎಡಕ್ಕೇ ಹೋಗೋ ಊರಿದ್ರೆ ತೊಂದ್ರೆ ಇಲ್ಲ.”

“ಚನ್ನಗಿರಿ ತನಕ ಹೋಗ್ತೈತಾ?”

“ಎತ್ತು ಚಲೋ ಇದ್ರೆ ಹೋಗ್ತೈತ್ರಿ.”

ಬೇಲಿಗೆ ಅಂಟಿಕೊಂಡಿದ್ದ ಅರ್ಧ ಬೀದಿ ಘೊಳ್ಳೆಂದು ನಕ್ಕಿತು. ಉಚ್ಚಂಗೆಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಮಲ್ಲಿಕಾರ್ಜುನಪ್ಪನವರು ಮಾತ್ರ ನಗಲಿಲ್ಲ. ಪಂಚೆ ಎತ್ತಿಕಟ್ಟಿ, ಮೊಣಕಾಲೂರಿ, ಕಾರಿನ ಕೆಳಗೆ ಇಣುಕಿದರು.

“ಹೊರಗೆ ಬಾರಪ್ಪ. ಯಾರು ನೀನು?”

ಗೋಣೆಪ್ಪ ಮೈತುಂಬ ಮಸಿ ಮಾಡಿಕೊಂಡು ತೆವಳಿ ಬಂದ. “ಮೆಕ್ಯಾನಿಕ್ಕು ಬುದ್ಧಿ. ಸಾಸ್ವೆಹಳ್ಳಿ.”

“ಈ ಕೆಲಸಕ್ಕೆ ಎಷ್ಟು ತಗಂತೀಯ?”

“ಕಾರು ಓಡಿದ್ರೆ ಹದಿನೈದು ರೂಪಾಯಿ ತಗಂತಿದ್ದೆ. ಓಡಲ್ಲ. ಅದ್ಕೆ ಏನೂ ಬ್ಯಾಡ.”

ಸಾಹುಕಾರರ ಸಣ್ಣ ಕಣ್ಣುಗಳು ದೊಡ್ಡವಾದವು. ಅವರು ಗೋಣೆಪ್ಪನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅಪ್ಪಾ, ಮೂರು ಬಸ್ಸಿಗೆ ಇಬ್ರು ಮೆಕ್ಯಾನಿಕ್ ಇಟ್ಟೀನಿ. ಒಬ್ಬ ಬಿಚ್ಚಿದ್ದನ್ನ ಇನ್ನೊಬ್ಬ ಮಾರ್ತಾನೆ. ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳೋನ್ನ ಹತ್ತು ವರ್ಷದಿಂದ ಹುಡುಕ್ತಿದೀನಿ. ತಿಂಗಳ ಸಂಬಳ, ಎಲ್ಡು ಹೊತ್ತು ಊಟ. ಬಾ, ಜೀಪು ಹತ್ತು.”

ಗೋಣೆಪ್ಪ ಕೈಚೀಲ ತಂದು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತ.

“ಸಾಹುಕಾರ್ರೆ, ಕಾರು?” ಎಂದ ಉಚ್ಚಂಗೆಪ್ಪ ಕ್ಷೀಣ ದನಿಯಲ್ಲಿ.

“ಕಾರು ಬ್ಯಾಡ ಉಚ್ಚಂಗೆಪ್ಪನೋರೆ. ಆದ್ರೆ ಇಂಥವನ್ನ ಹುಡುಕಿಕೊಟ್ರಲ್ಲ, ನಿಮ್ಮ ಉಪಕಾರ ಈ ಜನ್ಮದಾಗೆ ಮರೆಯಲ್ಲ,” ಎಂದು ಅವರು ಕೈಮುಗಿದರು.

ಆಗ ಒಳಗಿನಿಂದ ಶಂಕರಮ್ಮ ಬಂದಳು. ಕೈಯಲ್ಲಿ ಟ್ರಂಕು.

“ಸಾಹುಕಾರ್ರೆ, ಜೀಪು ಹೊನ್ನಾಳಿ ಮ್ಯಾಲೆ ಹೋಗ್ತೈತೇನ್ರಿ?”

“ಹೌದು ತಾಯಿ. ಅಲ್ಲೊಂದು ನಮ್ಮ ಬಸ್ಸು ಕೆಟ್ಟು ನಿಂತೈತೆ, ಈ ಪುಣ್ಯಾತ್ಮಂಗೆ ತೋರಿಸ್ಬೇಕು.”

“ಹಂಗಾದ್ರೆ ನನ್ನ ಬಸ್‌ಸ್ಟ್ಯಾಂಡಿನ ತಾವ ಇಳಿಸ್ರಿ. ದಾವಣಗೆರೆ ಬಸ್ಸು ಹಿಡಿದು ಜಗಳೂರಿಗೆ ಹೋಗ್ಬೇಕು.”

“ಶಂಕ್ರಮ್ಮ, ಒಂದು ವಾರ ತಡಿಯೇ,” ಎಂದು ಉಚ್ಚಂಗೆಪ್ಪ ಜೀಪಿಗೆ ಅಡ್ಡ ಬಂದ.

“ಎಲ್ಡು ವರ್ಷ ತಡದೀನಿ. ಹಾಲು ಬೆಕ್ಕು ಕುಡೀದಂಗೆ ನೋಡ್ಕಳ್ರಿ,” ಎಂದವಳೇ ಟ್ರಂಕು ಎತ್ತಿ ಕೊಟ್ಟು ಹತ್ತಿಬಿಟ್ಟಳು. ಟ್ರಂಕನ್ನು ಮೇಲಕ್ಕೆ ಎಳೆದುಕೊಂಡವನು ಗೋಣೆಪ್ಪನೇ. ಜೀಪು ತಿರುಗಿ, ಧೂಳೆಬ್ಬಿಸಿ, ಬೀದಿಯ ತುದಿಯಲ್ಲಿ ಮರೆಯಾಯಿತು. ಬೆನ್ನಟ್ಟೋಣವೆಂದರೆ ಆ ತಿರುವು ಬಲಕ್ಕಿತ್ತು.

ಜನ ಚದುರಿದರು. ಕಾರು ಇನ್ನೊಂದಿಷ್ಟು ಹೊತ್ತು ಗುಡುಗುಡು ಎಂದು, ಇದ್ದ ಪೆಟ್ರೋಲೆಲ್ಲ ಕುಡಿದು, ತಾನಾಗಿಯೇ ಸುಮ್ಮನಾಯಿತು. ಉಚ್ಚಂಗೆಪ್ಪ ಅದರ ಬಾಗಿಲಿಗೆ ಒರಗಿ ನಿಂತಿದ್ದ. ಚಿಕ್ಕಹನುಮಂತಪ್ಪ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

“ಆಗಿದ್ದು ಆತು ಬಿಡಪ್ಪ. ಶಂಕರಮ್ಮನ್ನ ಕರ್ಕಂಡು ಬರಾಕೆ ನೀನು ಜಗಳೂರಿಗೆ ಹೆಂಗೂ ಹೋಗ್ಲೇಬೇಕಲ್ಲ? ಅಲ್ಲಿ ಓಂಕಾರಪ್ಪ ಅಂತ ನನಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬ ಅವ್ನೆ. ಭಾಳ ಅಗ್ಗ.”

ಉಚ್ಚಂಗೆಪ್ಪ ಕಣ್ಣೊರೆಸಿಕೊಂಡು ಕೇಳಿದ:

“ಅವ್ನಿಗೆ ಸುಳ್ಳು ಹೇಳಾಕೆ ಬರ್ತೈತೇನಣ್ಣ?”